ಗೆರೆ ಬೀಳುವ ಜಾಗ: ಬಹುಸಂಸ್ಕೃತಿಯ ಸಮಾಜದಲ್ಲಿ ಜನಾಂಗೀಯ ಸಂಬಂಧಗಳ ಕೆಲವು ಮೂಲ ಪರಿಕಲ್ಪನೆಗಳು

(ಚಿಕ್ಕಮಗಳೂರಿನಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೆ,

ನಮ್ಮ ಜಿಲ್ಲೆಯಲ್ಲಿ ಹೊಸಬರೊಬ್ಬರ ಪರಿಚಯವಾದಾಗ ಹೆಸರಿನ ನಂತರ ನಾವು ಕೇಳುವ ಪ್ರಶ್ನೆ ‘ಯಾವ ಕಡೆಯವರು?’ ಎಂಬುದು. ಮೂಡಿಗೆರೆ ಕಡೆ, ಕಡೂರು ಕಡೆ, ಘಟ್ಟದ ಕೆಳಗೆ ಎಂದು ಏನೋ ಒಂದು ಉತ್ತರ ಬರುತ್ತದೆ, ಮಾತು ಮುಂದುವರಿಯುತ್ತದೆ. ಕೆಲವೊಮ್ಮೆ ಕೇಳಿದವರಿಗೆ ಅಷ್ಟರಿಂದ ಸಮಾಧಾನವಾಗುವುದಿಲ್ಲ. ಆಗ ಧ್ವನಿ ಸ್ವಲ್ಪ ತಗ್ಗುತ್ತದೆ, ‘ಅಂದರೆ, ಯಾವ ಜನ?’ ಎಂಬ ಇನ್ನೊಂದು ಪ್ರಶ್ನೆ ಬರುತ್ತದೆ. ಊರು ಕೇಳುವಾಗ ಬೇಕಾಗದ ಆ ತಗ್ಗಿದ ಧ್ವನಿ ಜನವನ್ನು ಕೇಳುವಾಗ ಏಕೆ ಬೇಕಾಗುತ್ತದೆ? ನಾನು ಇಂದು ಹೇಳಬೇಕೆಂದಿರುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಸಮಾಜಶಾಸ್ತ್ರದಲ್ಲಿ ಈ ಅಧ್ಯಯನಕ್ಕೆ ಜನಾಂಗೀಯ ಸಂಬಂಧಗಳ ಅಧ್ಯಯನ ಎಂಬ ಹೆಸರಿದೆ. ಹೆಸರಿನಲ್ಲಿಯೇ ಒಂದು ತೊಡಕೂ ಇದೆ. ಕನ್ನಡದಲ್ಲಿ ‘ಜನಾಂಗ’ ಎಂಬ ಪದ ಪಠ್ಯಪುಸ್ತಕದಲ್ಲಿ ಮೈಬಣ್ಣ, ಮುಖಚಹರೆಗಳ ಆಧಾರದ ಮೇಲೆ ಮನುಷ್ಯರನ್ನು ವಿಂಗಡಿಸುವ ಹಳೆಯ ಕಲ್ಪನೆಗೆ ಬಳಕೆಯಾಗುತ್ತದೆ. ಸಂಘದ ಫಲಕಗಳಲ್ಲಿ, ಆಹ್ವಾನಪತ್ರಿಕೆಗಳಲ್ಲಿ ಜಾತಿ ಎಂದು ನೇರವಾಗಿ ಹೇಳಲು ಹಿಂಜರಿಯುವವರ ಮರ್ಯಾದೆಯ ಪದವಾಗಿ ಬರುತ್ತದೆ. ‘ಮುಂದಿನ ಜನಾಂಗ’ ಎಂದಾಗ ಪೀಳಿಗೆ ಎಂಬ ಅರ್ಥ ಕೊಡುತ್ತದೆ. ನಾನು ಇಲ್ಲಿ ಬಳಸುವ ಅರ್ಥ ಈ ಮೂರಕ್ಕಿಂತ ಬೇರೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಅವರ ವಿವರಣೆ 1922ರಲ್ಲಿ, ಅವರ ನಿಧನದ ನಂತರ ಪ್ರಕಟವಾಯಿತು. ರೂಪದ ಹೋಲಿಕೆಯಿಂದಲೋ, ಆಚಾರಗಳ ಹೋಲಿಕೆಯಿಂದಲೋ, ವಲಸೆಯ ನೆನಪುಗಳಿಂದಲೋ ತಾವು ಒಂದೇ ಮೂಲದವರು ಎಂದು ನಂಬಿಕೊಂಡಿರುವ ಜನಸಮೂಹವನ್ನು ಅವರು ಜನಾಂಗೀಯ ಗುಂಪು ಎಂದು ಕರೆದರು. ನಿಜವಾಗಿ ರಕ್ತಸಂಬಂಧ ಇದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದೂ ಹೇಳಿದರು. ಈ ವಿವರಣೆಯಲ್ಲಿ ಭಾರ ಬಿದ್ದಿರುವುದು ‘ನಂಬಿಕೊಂಡಿರುವ’ ಎಂಬ ಪದದ ಮೇಲೆ. ನಂಬಿಕೆಗೆ ಹುಟ್ಟು ಇರುತ್ತದೆ, ಬೆಳವಣಿಗೆ ಇರುತ್ತದೆ, ಕೆಲವೊಮ್ಮೆ ಅದನ್ನು ಹುಟ್ಟುಹಾಕಿದವರೂ ಇರುತ್ತಾರೆ.

ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ಕಣ್ಣಾರೆ ಕಂಡಿದ್ದೆ, ಆದರೆ ಕಂಡದ್ದು ಏನೆಂದು ಆಗ ತಿಳಿದಿರಲಿಲ್ಲ. ನನ್ನ ತಂದೆ ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. ಸಂಜೆ ಹಣ್ಣು ತೂಗಿದ ಮೇಲೆ ಲಾಟೀನು ಹತ್ತಿರಕ್ಕೆ ಎಳೆದುಕೊಂಡು ಅವರು ಚೆಕ್‌ರೋಲ್ ಬರೆಯುತ್ತಿದ್ದರು. ಅಗಲವಾದ ಪುಸ್ತಕ, ಎಡಗಡೆ ಆಳಿನ ಹೆಸರು, ಬಲಗಡೆ ತಿಂಗಳ ಒಂದೊಂದು ದಿನಕ್ಕೂ ಒಂದೊಂದು ಮನೆ, ಬಂದರೆ ಒಂದು, ಅರ್ಧ ದಿನ ದುಡಿದರೆ ಅರ್ಧ, ಬಾರದಿದ್ದರೆ ಸೊನ್ನೆ. ಹೆಸರುಗಳು ಅಕಾರಾದಿಯಾಗಿ ಇರುತ್ತಿರಲಿಲ್ಲ, ಊರಿನ ಪ್ರಕಾರವೂ ಇರುತ್ತಿರಲಿಲ್ಲ. ಒಬ್ಬೊಬ್ಬ ಮೇಸ್ತ್ರಿಯ ಹೆಸರಿನ ಕೆಳಗೆ ಅವನು ಕರೆತಂದ ಆಳುಗಳ ಹೆಸರು ಇರುತ್ತಿದ್ದವು. ತೋಟಗಳು ಬೆಳೆದ ಕಾಲದಿಂದಲೂ ನಡೆದುಬಂದ ಪದ್ಧತಿ ಅದು. ಮಾಲೀಕರಿಂದ ಮುಂಗಡ ಪಡೆದ ಮೇಸ್ತ್ರಿ ತನ್ನ ಸೀಮೆಗೆ ಹೋಗಿ, ನೆಂಟರಿಷ್ಟರನ್ನೂ ಸಾಲದ ತುರ್ತಿನಲ್ಲಿರುವವರನ್ನೂ ಕೂಡಿಸಿ, ಘಟ್ಟ ಹತ್ತಿಸಿ ಕರೆತರುತ್ತಿದ್ದ. ದಕ್ಷಿಣ ಕನ್ನಡದಿಂದ, ತಮಿಳು ಜಿಲ್ಲೆಗಳಿಂದ ಜನ ಹೀಗೆಯೇ ಬಂದರು.

ತುಳು ಮಾತಾಡುತ್ತಾ ಬಂದವರೆಲ್ಲ ತಮ್ಮ ಊರಿನಲ್ಲಿ ಒಂದೇ ಜನವಾಗಿರಲಿಲ್ಲ. ಅವರಲ್ಲಿ ಹಲವು ಜಾತಿಗಳಿದ್ದವು, ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡದ ಕಟ್ಟುಪಾಡುಗಳಿದ್ದವು. ಘಟ್ಟ ಹತ್ತಿ ಬಂದು ಒಂದೇ ಸಾಲಿನ ಲೈನ್ ಮನೆಗಳಲ್ಲಿ ಇಳಿದುಕೊಂಡ ಮೇಲೆ ಅವರೆಲ್ಲರಿಗೂ ‘ಘಟ್ಟದ ಕೆಳಗಿನವರು’ ಎಂಬ ಒಂದೇ ಹೆಸರು ಬಿತ್ತು. ಆ ಹೆಸರನ್ನು ಅವರು ಇಟ್ಟುಕೊಂಡದ್ದಲ್ಲ, ಮೇಲಿನವರು ಕೊಟ್ಟದ್ದು. ಆದರೆ ಕಾಲಕ್ರಮದಲ್ಲಿ ಅವರೂ ಅದನ್ನು ತಮ್ಮದಾಗಿಸಿಕೊಂಡರು. ಕೆಳಗಿನವರ ಅಡುಗೆ, ಕೆಳಗಿನವರ ಭೂತಾರಾಧನೆ, ಕೆಳಗಿನವರ ಮದುವೆ ಎಂಬುದೊಂದು ಲೋಕವೇ ತೋಟಗಳ ನಡುವೆ ಬೆಳೆಯಿತು. ಹೊರಗಿನವರು ಅಂಟಿಸಿದ ಚೀಟಿಯಾಗಿ ಮಾತ್ರ ಇರುವುದನ್ನು ಜನಾಂಗೀಯ ವರ್ಗ ಎಂದೂ, ಆ ಚೀಟಿಯನ್ನು ಹೊತ್ತವರು ತಾವೂ ಒಂದು ಜನ ಎಂದು ಭಾವಿಸಿ ನಡೆದುಕೊಳ್ಳತೊಡಗಿದಾಗ ಅದನ್ನು ಜನಾಂಗೀಯ ಗುಂಪು ಎಂದೂ ಶಾಸ್ತ್ರದಲ್ಲಿ ಬೇರ್ಪಡಿಸುತ್ತಾರೆ. ನನ್ನ ತಂದೆಯ ಚೆಕ್‌ರೋಲಿನ ಪುಟಗಳಲ್ಲಿ ವರ್ಗವೊಂದು ಗುಂಪಾಗಿ ಮಾರ್ಪಡುತ್ತಿತ್ತು.

ಇಂದು ಅದೇ ಲೈನ್ ಮನೆಗಳಲ್ಲಿ ಬೇರೆ ಜನ ಇದ್ದಾರೆ. ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳ, ಒಡಿಶಾಗಳಿಂದ ಬಂದವರನ್ನು ನಾವು ಒಟ್ಟಾರೆ ‘ಹಿಂದಿಯವರು’ ಎನ್ನುತ್ತೇವೆ. ಹೋದ ಕುಯ್ಲಿನ ಹೊತ್ತಿನಲ್ಲಿ ಒಂದು ಲೈನಿನ ಜಗುಲಿಯಲ್ಲಿ ಕುಳಿತು ಮನೆಯೊಳಗೆ ಯಾವ ಭಾಷೆ ಆಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಒಂದು ಮನೆಯಲ್ಲಿ ಸಾದ್ರಿ, ಪಕ್ಕದ್ದರಲ್ಲಿ ಬೋಡೊ, ಮೂರನೆಯದರಲ್ಲಿ ಬಂಗಾಳಿ, ಅದರಾಚೆ ಸಂತಾಲಿ. ಹಿಂದಿ ಯಾರ ಮನೆಮಾತೂ ಆಗಿರಲಿಲ್ಲ. ಅವರು ಪರಸ್ಪರ ಮಾತಾಡಲು, ಮೇಸ್ತ್ರಿಯೊಡನೆ ಮಾತಾಡಲು ಅರೆಬರೆ ಹಿಂದಿಯನ್ನು ಬಳಸುತ್ತಿದ್ದರು, ಅಷ್ಟೆ. ನಮ್ಮ ಕಿವಿಗೆ ಬಿದ್ದದ್ದು ಅದೊಂದೇ ಆದ್ದರಿಂದ ಅವರೆಲ್ಲ ಹಿಂದಿಯವರಾದರು. ಇನ್ನು ಮೂವತ್ತು ವರ್ಷಗಳಲ್ಲಿ ಮಲೆನಾಡಿನಲ್ಲಿ ‘ಹಿಂದಿಯವರು’ ಎಂಬ ಒಂದು ಜನ ನಿಜವಾಗಿಯೂ ಉಂಟಾದರೆ ನನಗೆ ಆಶ್ಚರ್ಯವಾಗುವುದಿಲ್ಲ.

ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಥ್ 1969ರಲ್ಲಿ ಈ ಅಧ್ಯಯನದ ದಿಕ್ಕನ್ನೇ ಬದಲಿಸಿದರು. ಅಲ್ಲಿಯವರೆಗೆ ವಿದ್ವಾಂಸರು ಒಂದು ಗುಂಪನ್ನು ತಿಳಿಯಲು ಅದರ ಉಡುಗೆ, ಅಡುಗೆ, ಹಬ್ಬ, ಹಾಡುಗಳನ್ನು ಪಟ್ಟಿಮಾಡುತ್ತಿದ್ದರು. ಗುಂಪನ್ನು ಗುಂಪಾಗಿ ಉಳಿಸುವುದು ಅದರೊಳಗಿನ ಈ ಸಾಮಗ್ರಿಯಲ್ಲ, ಅದರ ಸುತ್ತಲಿನ ಗೆರೆ ಎಂದು ಬಾರ್ಥ್ ತೋರಿಸಿದರು. ಒಳಗಿನ ಆಚಾರಗಳು ಬದಲಾಗುತ್ತವೆ, ಜನರೂ ಗೆರೆ ದಾಟಿ ಆಚೆ ಈಚೆ ಹೋಗುತ್ತಾರೆ, ಆದರೂ ಗೆರೆ ಉಳಿಯುತ್ತದೆ. ನಮ್ಮ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಸಮುದಾಯವನ್ನು ನೋಡಿ. ಹಕ್ಕಿ ಹಿಡಿಯುವ ಕಸುಬು ಕಾಡಿನ ಕಾನೂನುಗಳಿಂದ ನಿಂತುಹೋಯಿತು. ಗಿಡಮೂಲಿಕೆ, ಕೂದಲ ಎಣ್ಣೆಗಳ ವ್ಯಾಪಾರ ಹಿಡಿದು ಅವರು ಆಫ್ರಿಕಾದ ದೇಶಗಳವರೆಗೂ ಹೋಗಿಬರುತ್ತಾರೆ. 2023ರಲ್ಲಿ ಸುಡಾನಿನಲ್ಲಿ ಯುದ್ಧ ಎದ್ದಾಗ ಅಲ್ಲಿ ಸಿಕ್ಕಿಕೊಂಡಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳಿದ್ದರು. ಕಸುಬು ಹೋಯಿತು, ಅಲೆದಾಟದ ದಾರಿಗಳು ಬದಲಾದವು, ಉಡುಗೆ ನಮ್ಮಂತೆಯೇ ಆಯಿತು. ಮನೆಯೊಳಗಿನ ವಾಗ್ರಿ ಮಾತು ಮತ್ತು ‘ನಾವು’ ಎಂಬುದು ಉಳಿದವು.

ಬಾರ್ಥ್ ಹೇಳಿದ್ದು ಸರಿಯಾದರೆ, ಗೆರೆ ಎಳೆಯಲು ದೊಡ್ಡ ವ್ಯತ್ಯಾಸಗಳೇ ಬೇಕಿಲ್ಲ ಎಂದಾಗುತ್ತದೆ. ಒಂದೇ ಭಾಷೆ, ಒಂದೇ ಊರು, ಒಂದೇ ಗ್ರಾಮದೇವತೆ ಇರುವಲ್ಲಿಯೂ ಗೆರೆ ಬೀಳಬಲ್ಲದು. ನನ್ನ ಅಜ್ಜಿಯ ಮನೆಯ ಹಿತ್ತಿಲಿನ ಗೋಡೆಯ ಸಂದಿನಲ್ಲಿ ನಾಲ್ಕು ತೆಂಗಿನ ಚಿಪ್ಪುಗಳು ಇರುತ್ತಿದ್ದವು. ಗದ್ದೆ ಕೆಲಸಕ್ಕೆ ಬರುವವರು ಹೊತ್ತು ನೆತ್ತಿಗೇರಿದಾಗ ಹಿತ್ತಿಲಿಗೆ ಬಂದು, ತಮ್ಮ ತಮ್ಮ ಚಿಪ್ಪನ್ನು ತಾವೇ ತೆಗೆದುಕೊಂಡು, ತೊಳೆದು, ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಅಜ್ಜಿ ಚೊಂಬನ್ನು ಮೇಲೆತ್ತಿ ಕಾಫಿ ಹೊಯ್ಯುತ್ತಿದ್ದರು. ಹೊಯ್ಯುವಾಗ ಅವರ ಮಾತಿನಲ್ಲಿ ತಿರಸ್ಕಾರ ಇರುತ್ತಿರಲಿಲ್ಲ. ‘ಮಗಳಿಗೆ ಜ್ವರ ಬಿಟ್ಟಿತೇನೋ?’ ಎಂದು ವಿಚಾರಿಸುತ್ತಿದ್ದರು, ಬೆಲ್ಲದ ತುಂಡು ಕೊಡುತ್ತಿದ್ದರು. ಅವರ ಪ್ರೀತಿ ಸುಳ್ಳಾಗಿರಲಿಲ್ಲ. ಚೊಂಬಿನ ಬಾಯಿಗೂ ಚಿಪ್ಪಿಗೂ ನಡುವಿನ ಒಂದು ಮೊಳ ಅಂತರವೂ ಸುಳ್ಳಾಗಿರಲಿಲ್ಲ. ಆರೇಳು ವರ್ಷದ ನಾನು ಒಮ್ಮೆ ಲೋಟ ತಂದು ಕೊಡಲು ಹೋದಾಗ, ನನ್ನನ್ನು ತಡೆದವರು ಅಜ್ಜಿಯಲ್ಲ. ಚಿಪ್ಪು ಹಿಡಿದಿದ್ದ ಹೆಂಗಸೇ ಗಾಬರಿಯಿಂದ ‘ಬ್ಯಾಡಿ ಅವ್ವಾರೆ’ ಎಂದು ಹಿಂದೆ ಸರಿದರು. ನನಗಿಂತ ನಲವತ್ತು ವರ್ಷ ದೊಡ್ಡವರಾದ ಅವರು ನನ್ನನ್ನು ಬಹುವಚನದಲ್ಲಿ ಕರೆದದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಜಾತಿಯನ್ನು ಜನಾಂಗೀಯ ಸಂಬಂಧಗಳ ಅಧ್ಯಯನದೊಳಗೆ ತರಬಹುದೇ ಎಂಬ ಚರ್ಚೆ ಹಳೆಯದು. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಜನಾಂಗೀಯ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ಅದು ಬಹಳ ಜೋರಾಗಿಯೇ ನಡೆಯಿತು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಜನಾಂಗೀಯ ಗುಂಪುಗಳು ಅಕ್ಕಪಕ್ಕದಲ್ಲಿಯೂ ಇರಬಲ್ಲವು. ಜಾತಿ ಮಾತ್ರ ಮೇಲು ಕೀಳು ಇಲ್ಲದೆ ಇರಲಾರದು. ಆದರೂ ಗೆರೆಯನ್ನು ಕಾಯುವ ವಿಧಾನ ಎರಡರಲ್ಲಿಯೂ ಒಂದೇ ಬಗೆಯದು. 1916ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ, ಆಗಿನ್ನೂ ಇಪ್ಪತ್ತೈದು ವರ್ಷದ ಅಂಬೇಡ್ಕರ್ ಅವರು ಜಾತಿಯ ತಿರುಳು ಒಳಮದುವೆಯಲ್ಲಿದೆ ಎಂದು ತೋರಿಸಿದ್ದರು. ಯಾರ ಮನೆಯ ಹೆಣ್ಣನ್ನು ತರಬಹುದು, ಯಾರ ಮನೆಗೆ ಕೊಡಬಹುದು ಎಂಬ ನಿಯಮವೇ ಉಳಿದ ಆಚಾರಗಳಿಗೆಲ್ಲ ಆಧಾರ. ಬಾರ್ಥ್ ಗೆರೆಯ ಬಗ್ಗೆ ಬರೆಯುವುದಕ್ಕೆ ಐವತ್ಮೂರು ವರ್ಷ ಮೊದಲೇ ಗೆರೆ ಎಲ್ಲಿದೆ, ಅದನ್ನು ಕಾಯುವವರು ಯಾರು ಎಂದು ಅವರು ಬೆರಳಿಟ್ಟು ತೋರಿಸಿದ್ದರೆಂಬುದನ್ನು ನಮ್ಮ ತರಗತಿಗಳಲ್ಲಿ ಇನ್ನೂ ಒತ್ತಿ ಹೇಳಬೇಕಾಗಿದೆ.

ಈಗ ಪೂರ್ವಗ್ರಹ ಮತ್ತು ತಾರತಮ್ಯ ಎಂಬ ಜೋಡಿ ಪದಗಳಿಗೆ ಬರುತ್ತೇನೆ. ಇವೆರಡನ್ನು ಒಂದೇ ಎಂದು ತಿಳಿಯುವುದು ವಾಡಿಕೆ. ಪೂರ್ವಗ್ರಹ ಮನಸ್ಸಿನಲ್ಲಿರುವುದು, ತಾರತಮ್ಯ ನಡವಳಿಕೆಯಲ್ಲಿರುವುದು. ಕೆಲವು ವರ್ಷಗಳ ಹಿಂದೆ ನನ್ನ ಸಹೋದ್ಯೋಗಿಯೊಬ್ಬರಿಗೆ ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕಲು ಜೊತೆಗೆ ಹೋಗಿದ್ದೆ. ‘ಮನೆ ಖಾಲಿ ಇದೆ’ ಎಂಬ ಬೋರ್ಡ್ ತೂಗುತ್ತಿದ್ದ ಐದು ಮನೆಗಳಿಗೆ ಹೋದೆವು. ಹೆಸರು ಕೇಳಿದ ಮೇಲೆ ಐದರಲ್ಲಿ ನಾಲ್ಕು ಮನೆಗಳು ಖಾಲಿ ಇಲ್ಲವಾದವು. ಒಬ್ಬ ಯಜಮಾನರು ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು ಹೇಳಿದರು: ‘ನಮಗೇನೂ ಇಲ್ಲ ಮೇಡಂ. ನಾವು ಅದನ್ನೆಲ್ಲ ನೋಡೋರಲ್ಲ. ಅಕ್ಕಪಕ್ಕದವರು ಒಪ್ಪಲ್ಲ, ಅಷ್ಟೇ.’ ಅವರು ನಿಜವನ್ನೇ ಹೇಳುತ್ತಿದ್ದರೆಂದು ನಾನು ನಂಬುತ್ತೇನೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1949ರಲ್ಲಿ ಇಂಥವರಿಗೆಂದೇ ಒಂದು ಜಾಗ ಗುರುತಿಸಿದರು: ಮನಸ್ಸಿನಲ್ಲಿ ಪೂರ್ವಗ್ರಹ ಇಲ್ಲದಿದ್ದರೂ, ಅಡ್ಡಿ ಆತಂಕ ಬೇಡವೆಂದು ತಾರತಮ್ಯ ಮಾಡುವವರು. ಇದಕ್ಕೆ ತದ್ವಿರುದ್ಧವಾಗಿ, ಒಳಗೆ ಪೂರ್ವಗ್ರಹ ತುಂಬಿದ್ದರೂ ಕಾನೂನಿನ ಭಯಕ್ಕೋ ವ್ಯಾಪಾರದ ಲಾಭಕ್ಕೋ ಎಲ್ಲರನ್ನೂ ಸಮನಾಗಿ ನಡೆಸಿಕೊಳ್ಳುವವರೂ ಇರುತ್ತಾರೆ ಎಂದರು. ಇದರಿಂದ ಹೊರಡುವ ಅರ್ಥ ಸಣ್ಣದಲ್ಲ. ಎಲ್ಲರ ಮನಸ್ಸು ಶುದ್ಧವಾಗುವವರೆಗೆ ಕಾಯಬೇಕಿಲ್ಲ, ಕಾನೂನು ಮತ್ತು ರೂಢಿ ಬದಲಾದರೆ ನಡವಳಿಕೆ ಬದಲಾಗುತ್ತದೆ. ನಮ್ಮ ಸಂವಿಧಾನದ 15 ಮತ್ತು 17ನೆಯ ವಿಧಿಗಳು ಮನಸ್ಸನ್ನು ಮುಟ್ಟಲು ಹೋಗುವುದಿಲ್ಲ, ನಡವಳಿಕೆಯನ್ನು ಹಿಡಿಯುತ್ತವೆ.

ತಮ್ಮ ಗುಂಪಿನ ಅಳತೆಗೋಲಿನಿಂದಲೇ ಉಳಿದ ಜಗತ್ತನ್ನು ಅಳೆಯುವ ಸ್ವಭಾವಕ್ಕೆ ಸ್ವಜನಕೇಂದ್ರಿತ ದೃಷ್ಟಿ ಎನ್ನುತ್ತಾರೆ. 1906ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಸಮ್ನರ್ ಇದನ್ನು ಚರ್ಚೆಗೆ ತಂದರು. ಇದು ಎಲ್ಲ ಗುಂಪುಗಳಲ್ಲಿಯೂ ಇರುವುದರಿಂದ ಹೆಚ್ಚು ಹೇಳಬೇಕಿಲ್ಲ. ಆದರೆ ಒಂದು ಗುಂಪಿನ ಕೈಯಲ್ಲಿ ಅಧಿಕಾರ ಇದ್ದಾಗ ಮಾತ್ರ ಅದರ ಅಳತೆಗೋಲು ಇತರರ ಮೇಲೂ ನಡೆಯುತ್ತದೆ ಎಂಬುದನ್ನು ಗಮನಿಸಬೇಕು. ಅಲ್ಪಸಂಖ್ಯಾತ ಎಂಬ ಪದದ ಬಗೆಗೂ ಇದೇ ಎಚ್ಚರ ಬೇಕು. ಕನ್ನಡದಲ್ಲಿ ಪದದೊಳಗೇ ಸಂಖ್ಯೆ ಕುಳಿತಿರುವುದರಿಂದ ನಾವು ತಲೆ ಎಣಿಸಲು ತೊಡಗುತ್ತೇವೆ. ಸಮಾಜಶಾಸ್ತ್ರದ ಅರ್ಥದಲ್ಲಿ ಅದು ಅಧಿಕಾರಕ್ಕೆ ಸಂಬಂಧಿಸಿದ್ದು. ದಕ್ಷಿಣ ಆಫ್ರಿಕಾದಲ್ಲಿ 1948ರಿಂದ 1994ರವರೆಗಿನ ವರ್ಣಭೇದ ನೀತಿಯ ಕಾಲದಲ್ಲಿ ಕಪ್ಪು ಜನರು ಸಂಖ್ಯೆಯಲ್ಲಿ ಬಹುಪಾಲು ಇದ್ದೂ ಅಲ್ಪಸಂಖ್ಯಾತರ ಸ್ಥಿತಿಯಲ್ಲಿಯೇ ಇದ್ದರು. ಒಂದು ತೋಟದಲ್ಲಿ ಆಳುಗಳು ಇನ್ನೂರು, ಮಾಲೀಕರ ಮನೆಯವರು ಐವರು. ಅಲ್ಲಿ ಯಾರು ಅಲ್ಪಸಂಖ್ಯಾತರು ಎಂದು ನಿಮಗೆ ನಾನು ಹೇಳಬೇಕಿಲ್ಲ.

ನಮ್ಮ ಭಾಗದಲ್ಲಿ ಎಲ್ಲ ಜನರೂ ಸೌಹಾರ್ದದಿಂದ ಇದ್ದಾರೆ ಎಂಬುದಕ್ಕೆ ಸಾಮಾನ್ಯವಾಗಿ ಸಂತೆಯನ್ನು ತೋರಿಸುತ್ತಾರೆ. ಸಕಲೇಶಪುರದ್ದಾಗಲಿ ಮೂಡಿಗೆರೆಯದ್ದಾಗಲಿ, ಸಂತೆಯ ದಿನ ಹೋಗಿ ನಿಂತರೆ ಕನ್ನಡ, ತುಳು, ಉರ್ದು, ಬ್ಯಾರಿ, ತಮಿಳು, ಲಂಬಾಣಿ, ಈಗ ಬಂಗಾಳಿಯೂ ಕಿವಿಗೆ ಬೀಳುತ್ತದೆ. ಒಣಮೀನಿನವರ ಮುಂದೆ ಎಲ್ಲರೂ ಚೌಕಾಸಿ ಮಾಡುತ್ತಾರೆ. ನನಗೂ ಸಂತೆ ಎಂದರೆ ಇಷ್ಟ. ಆದರೆ ಬರ್ಮಾದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದು, ನಂತರ ಆ ವಸಾಹತು ವ್ಯವಸ್ಥೆಯನ್ನೇ ಕಟುವಾಗಿ ವಿಮರ್ಶಿಸಿದ ಜೆ. ಎಸ್. ಫರ್ನಿವಾಲ್ 1948ರಲ್ಲಿ ಇಂಥ ಸಂತೆಯನ್ನು ನೋಡಿ ಬೇರೆಯೇ ತೀರ್ಮಾನಕ್ಕೆ ಬಂದಿದ್ದರು. ಬರ್ಮೀಯರು, ಚೀನೀಯರು, ಭಾರತೀಯರು, ಯುರೋಪಿಯನ್ನರು ಕೊಡುಕೊಳ್ಳುವ ಜಾಗದಲ್ಲಿ ಸೇರುತ್ತಾರೆ, ಆದರೆ ಒಂದಾಗುವುದಿಲ್ಲ ಎಂದರು. ಒಬ್ಬೊಬ್ಬರೂ ತಮ್ಮ ಧರ್ಮ, ಭಾಷೆ, ರೀತಿಗಳಲ್ಲಿ ತಾವಿದ್ದು, ದುಡಿಮೆಯೂ ಜನಾಂಗದ ಪ್ರಕಾರವೇ ಹಂಚಿಹೋಗಿರುವ ಇಂಥ ವ್ಯವಸ್ಥೆಯನ್ನು ಅವರು ಬಹುಳ ಸಮಾಜ ಎಂದು ಕರೆದರು. ಅವರ ಕಣ್ಣಿನಲ್ಲಿ ಅದು ಹೊಗಳಿಕೆಯ ಮಾತಾಗಿರಲಿಲ್ಲ. ನಮ್ಮಲ್ಲಿ ವ್ಯವಹಾರ ಇದೆ, ಒಡನಾಟ ಎಷ್ಟಿದೆ? ಸಂತೆಯ ಮರುದಿನ ಯಾರು ಯಾರ ಮನೆಯಲ್ಲಿ ಉಂಡರು ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ದುಡಿಮೆ ಜನಾಂಗದ ಪ್ರಕಾರ ಹಂಚಿಹೋದಾಗ ಸಿಟ್ಟು ಯಾರ ಮೇಲೆ ಹೊರಳುತ್ತದೆ ಎಂಬುದನ್ನು ಎಡ್ನಾ ಬೊನಾಸಿಚ್ ಎಂಬ ಸಮಾಜಶಾಸ್ತ್ರಜ್ಞೆ 1972ರಲ್ಲಿ ವಿವರಿಸಿದರು. ಒಂದೇ ಕೆಲಸಕ್ಕೆ ಎರಡು ಗುಂಪುಗಳ ಕೂಲಿ ಬೇರೆ ಬೇರೆಯಾದರೆ, ಹೆಚ್ಚು ಕೂಲಿ ಪಡೆಯುವ ಗುಂಪು ಕಡಿಮೆ ಕೂಲಿಗೆ ಬರುವ ಗುಂಪನ್ನು ದ್ವೇಷಿಸುತ್ತದೆ. ಕೂಲಿಯನ್ನು ಕಡಿಮೆ ಮಾಡಿದವರು ಈ ಜಗಳದಲ್ಲಿ ಕಾಣಿಸುವುದೇ ಇಲ್ಲ. ತೋಟದಲ್ಲಿ ಹುಟ್ಟಿ ಬೆಳೆದ ಸ್ಥಳೀಯ ಕೆಲಸಗಾರ್ತಿಯೊಬ್ಬರು ನನ್ನೊಡನೆ ಹೇಳಿದ್ದು ಹೀಗೆ: ‘ಹಿಂದಿಯವರು ಬಂದ ಮೇಲೆ ನಮ್ಮನ್ನು ಕೇಳೋರೇ ಇಲ್ಲ ಅಕ್ಕಾ. ಅವರು ಕೇಜಿ ಲೆಕ್ಕಕ್ಕೆ ಕತ್ತಲಾಗೋವರೆಗೂ ಕುಯ್ತಾರೆ.’ ಅವರ ಸಂಕಟ ನಿಜವಾದದ್ದು. ಆದರೆ ಅದೇ ಲೈನಿನ ಇನ್ನೊಂದು ತುದಿಯಲ್ಲಿ, ಊರಿನ ಸಾಲ ತೀರಿಸಲು ಕತ್ತಲಾಗುವವರೆಗೂ ಹಣ್ಣು ಕೀಳುವ ಹೆಂಗಸಿನ ಸಂಕಟವೂ ನಿಜವಾದದ್ದೇ. ವಲಸೆ ಕಾರ್ಮಿಕರನ್ನು ಸ್ಥಳೀಯರಿಗಿಂತ ಕಡಿಮೆ ಕೂಲಿಗೆ ದುಡಿಸಬಾರದೆಂಬ ಕಾನೂನು ನಮ್ಮಲ್ಲಿ 1979ರಲ್ಲಿಯೇ ಬಂದಿತ್ತು. ಅದು ಎಲ್ಲ ತೋಟಗಳಲ್ಲೂ ಅಕ್ಷರಶಃ ನಡೆದಿದ್ದರೆ ಈ ಇಬ್ಬರು ಹೆಂಗಸರ ನಡುವೆ ಬಿದ್ದಿರುವ ಗೆರೆ ಇಷ್ಟು ಗಾಢವಾಗುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಒಡನಾಟ ಹೇಗೆ ಬೆಳೆಯುತ್ತದೆ? ಹತ್ತಿರ ಇದ್ದರೆ ಸಾಕು, ತಾನಾಗಿ ಬೆಳೆಯುತ್ತದೆ ಎಂಬ ಉತ್ತರವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಒಪ್ಪಲಿಲ್ಲ. ಸೇರುವವರಿಗೆ ಆ ಸಂದರ್ಭದಲ್ಲಿ ಸಮಾನ ಸ್ಥಾನ ಇರಬೇಕು, ಇಬ್ಬರಿಗೂ ಒಂದೇ ಗುರಿ ಇರಬೇಕು, ಪೈಪೋಟಿಗಿಂತ ಸಹಕಾರದಿಂದ ಅದನ್ನು ಮುಟ್ಟುವಂತಿರಬೇಕು, ಮತ್ತು ಇದಕ್ಕೆಲ್ಲ ಕಾನೂನಿನ ಅಥವಾ ಸಂಸ್ಥೆಯ ಬೆಂಬಲ ಇರಬೇಕು ಎಂದು ಅವರು ಹೇಳಿದರು. ಅಜ್ಜಿಯ ಹಿತ್ತಿಲಿನಲ್ಲಿ ಹತ್ತಿರ ಇರುವುದಕ್ಕೇನೂ ಕೊರತೆ ಇರಲಿಲ್ಲ, ಮೊದಲ ಷರತ್ತೇ ಅಲ್ಲಿ ಇರಲಿಲ್ಲ. ನಾನು ಕಂಡಂತೆ ಈ ನಾಲ್ಕೂ ಸ್ವಲ್ಪಮಟ್ಟಿಗಾದರೂ ಕೂಡಿಬರುವ ಜಾಗ ಎಂದರೆ ತೋಟಗಳ ನಡುವಿನ ಸರ್ಕಾರಿ ಪ್ರಾಥಮಿಕ ಶಾಲೆ. ವಲಸೆ ಬಂದವರ ಮಕ್ಕಳ ಸೇರ್ಪಡೆಯಿಂದಲೇ ಬಾಗಿಲು ತೆರೆದಿರುವ ಕನ್ನಡ ಶಾಲೆಗಳು ನಮ್ಮಲ್ಲಿವೆ. ಒಂದೇ ಸಾಲಿನಲ್ಲಿ ಕುಳಿತು ಒಂದೇ ಬಗೆಯ ತಟ್ಟೆಯಲ್ಲಿ ಬಿಸಿಯೂಟ ಉಣ್ಣುವ ಆ ಮಕ್ಕಳನ್ನು ನೋಡುವಾಗ ನನಗೆ ಆ ನಾಲ್ಕು ಚಿಪ್ಪುಗಳು ನೆನಪಾಗುತ್ತವೆ.

ಅಂಥ ಶಾಲೆಯ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳನ್ನು ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಂಡೆ. ತಾಯಿ ಬಸುರಿ. ನರ್ಸಮ್ಮ ಕನ್ನಡದಲ್ಲಿ ಕೇಳಿದ್ದನ್ನು ಹುಡುಗಿ ಸಾದ್ರಿಯಲ್ಲಿ ತಾಯಿಗೆ ಹೇಳುತ್ತಿದ್ದಳು, ತಾಯಿ ತಲೆ ತಗ್ಗಿಸಿ ಹೇಳಿದ್ದನ್ನು ಕನ್ನಡದಲ್ಲಿ ನರ್ಸಮ್ಮನಿಗೆ ಹೇಳುತ್ತಿದ್ದಳು. ಮಗಳ ಮುಂದೆ ಹೇಳಲಾಗದ ಮಾತು ಬಂದಾಗ ತಾಯಿ ಸುಮ್ಮನಾದರು. ನರ್ಸಮ್ಮ ಹುಡುಗಿಯನ್ನು ಹೊರಗೆ ಕಳಿಸಿ, ಕೈಸನ್ನೆಯಲ್ಲಿಯೇ ಉಳಿದದ್ದನ್ನು ವಿಚಾರಿಸಿದರು. ಎರಡು ಸಂಸ್ಕೃತಿಗಳ ನಡುವೆ ಬದುಕುವವರು ಮನೆಯದನ್ನು ಬಿಟ್ಟು ಹೊರಗಿನದನ್ನು ಹಿಡಿದರೆ ವಿಲೀನ, ಹೊರಗಿನದನ್ನು ಮುಟ್ಟದೆ ತಮ್ಮದರಲ್ಲೇ ಉಳಿದರೆ ಪ್ರತ್ಯೇಕತೆ, ಎರಡನ್ನೂ ಉಳಿಸಿಕೊಂಡರೆ ಸಮನ್ವಯ, ಎರಡೂ ಕೈತಪ್ಪಿದರೆ ಅಂಚಿಗೆ ಬೀಳುವುದು ಎಂದು ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರ್ರಿ ವಿಂಗಡಿಸುತ್ತಾರೆ. 1971ರಲ್ಲಿ ಬಹುಸಂಸ್ಕೃತಿಯನ್ನು ಸರ್ಕಾರದ ಅಧಿಕೃತ ನೀತಿಯಾಗಿ ಘೋಷಿಸಿದ ದೇಶ ಕೆನಡಾ. ಈ ವಿಚಾರ ಅಲ್ಲಿ ಬೆಳೆದದ್ದು ಸಹಜವೇ. ಆ ಹುಡುಗಿ ಸಮನ್ವಯದ ಉದಾಹರಣೆ. ಆದರೆ ಸಮನ್ವಯದ ಭಾರವನ್ನೆಲ್ಲ ಒಂಬತ್ತು ವರ್ಷದ ಮಗುವಿನ ಮೇಲೆ ಹೊರಿಸಿ, ಸಾದ್ರಿಯ ಒಂದು ಪದವನ್ನೂ ನಾವು ಕಲಿಯದೆ ಕುಳಿತರೆ ಅದನ್ನು ಪರಸ್ಪರ ಸಂಬಂಧ ಎನ್ನಬಹುದೇ?

ಭಾರ ಹೊರುವವರು ಯಾರು ಎಂಬ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ನೆರೆಯ ಜಿಲ್ಲೆಯ ಶ್ರವಣಬೆಳಗೊಳಕ್ಕೆ ಹೋಗೋಣ. ಅಲ್ಲಿನ ಭಂಡಾರಿ ಬಸದಿಯಲ್ಲಿ 1368ರ ಬುಕ್ಕರಾಯನ ಕಾಲದ ಶಾಸನ ಇದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಕಡೆಗಳ ಜೈನರು, ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಅರಸನಲ್ಲಿ ದೂರಿಕೊಂಡರು. ಅರಸ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ, ತಿರುಕುಲ ಜಾಂಬವಕುಲಗಳನ್ನು ಒಳಗೊಂಡ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಸೇರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಸಾರಿದ. ಹಿಂದಿನಂತೆಯೇ ಪಂಚಮಹಾವಾದ್ಯಕ್ಕೂ ಕಲಶಕ್ಕೂ ಜೈನರು ಅರ್ಹರು ಎಂದ. ಜೈನದರ್ಶನಕ್ಕೆ ಭಕ್ತರಿಂದ ಹಾನಿಯಾದರೂ ವೃದ್ಧಿಯಾದರೂ ಅದನ್ನು ವೈಷ್ಣವಕ್ಕೇ ಆದ ಹಾನಿ ವೃದ್ಧಿ ಎಂದು ತಿಳಿದು ಕಾಪಾಡಬೇಕು ಎಂದ. ಈ ಕಟ್ಟಳೆಯನ್ನು ಮೀರಿದವರು ರಾಜದ್ರೋಹಿಗಳು, ಸಂಘಕ್ಕೂ ಸಮುದಾಯಕ್ಕೂ ದ್ರೋಹಿಗಳು ಎಂದು ಬರೆಸಿದ.

ಆರೂವರೆ ಶತಮಾನಗಳ ಹಿಂದೆ ನಮ್ಮ ನೆಲದಲ್ಲಿ ಇಂಥ ಮಾತು ಕಲ್ಲಿನ ಮೇಲೆ ಬಂದದ್ದು ನನಗೆ ಹೆಮ್ಮೆಯ ವಿಷಯ. ಆಲ್‌ಪೋರ್ಟ್ ಕೇಳುವ ಸಂಸ್ಥೆಯ ಬೆಂಬಲ ಇಲ್ಲಿ ಇದೆ. ಗಮನಿಸಬೇಕಾದ ಇನ್ನೊಂದು ಸೂಕ್ಷ್ಮ ಏನೆಂದರೆ, ಅರಸ ಯಾರಿಗೂ ತಮ್ಮ ದರ್ಶನವನ್ನು ಬಿಡಲು ಹೇಳಲಿಲ್ಲ. ಗೆರೆಯನ್ನು ಅಳಿಸದೆ, ಗೆರೆಯ ಬಳಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕಟ್ಟಳೆ ಮಾಡಿದ. ಶಾಸ್ತ್ರದಲ್ಲಿ ಇದಕ್ಕೆ ಹೊಂದಾಣಿಕೆ ಎನ್ನುತ್ತಾರೆ. ಆದರೆ ಈ ಶಾಸನವನ್ನು ಸಭೆಗಳಲ್ಲಿ ಉದ್ಧರಿಸುವವರು ಸಾಮಾನ್ಯವಾಗಿ ಓದದೆ ಬಿಡುವ ಸಾಲುಗಳೂ ಇವೆ. ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ವೈಷ್ಣವರು ನೇಮಿಸಬೇಕು. ಅದಕ್ಕಾಗಿ ರಾಜ್ಯದ ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ (ಆ ಕಾಲದ ನಾಣ್ಯ) ಕೊಡಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳನ್ನು ದುರಸ್ತಿ ಮಾಡಿ ಸುಣ್ಣ ಬಳಿಸಬೇಕು. ಇದನ್ನು ನೋಡಿಕೊಳ್ಳುವ ಹೊಣೆ ತಿರುಮಲೆಯ ತಾತಯ್ಯನದು. ಅಂದರೆ ಅನ್ಯಾಯಕ್ಕೊಳಗಾಗಿ ದೂರು ಕೊಟ್ಟವರೇ ತಮ್ಮ ಕಾವಲಿನ ಖರ್ಚನ್ನೂ ಕೊಟ್ಟರು, ಕಾವಲಿನವರನ್ನು ನೇಮಿಸುವ ಅಧಿಕಾರ ಮಾತ್ರ ಎದುರು ಪಕ್ಷಕ್ಕೆ ಹೋಯಿತು. ಆ ಕಾಲದ ಮಟ್ಟಿಗೆ ಅದು ದೊಡ್ಡ ನ್ಯಾಯವೇ ಇರಬಹುದು. ಆದರೂ ಸೌಹಾರ್ದವನ್ನು ಅಳೆಯುವಾಗ ಕೈ ಕೈ ಸೇರಿದ್ದನ್ನು ನೋಡುವುದರ ಜೊತೆಗೆ ಆ ಒಂದು ಹಣ ಯಾರ ಮನೆಯಿಂದ ಹೋಯಿತು ಎಂಬುದನ್ನೂ ನೋಡಬೇಕು. ಈ ಬಗೆಯ ಹಣವನ್ನು ಇಂದಿಗೂ ಸಣ್ಣ ಗುಂಪುಗಳೇ ಕೊಡುತ್ತಿವೆ. ಬಾಡಿಗೆ ಮನೆಗೆ ಹೆಚ್ಚಿನ ಮುಂಗಡವಾಗಿ, ಎರಡು ಪಟ್ಟು ವಿನಯವಾಗಿ, ಹೆಸರನ್ನು ಮೊಟಕು ಮಾಡಿಕೊಂಡು ಹೇಳುವುದಾಗಿ ಅದು ಸಂದಾಯವಾಗುತ್ತಿದೆ.

ಉಪನ್ಯಾಸ ಮುಗಿದ ಮೇಲೆ ನಡೆದ ಪ್ರಶ್ನೋತ್ತರದ ಒಂದು ಭಾಗವನ್ನು ಇಲ್ಲಿ ಸೇರಿಸುತ್ತೇನೆ, ಏಕೆಂದರೆ ನಾನು ಹೇಳದೆ ಉಳಿದದ್ದು ಅದರಲ್ಲಿ ಬಂತು. ತರೀಕೆರೆ ಕಡೆಯ ತಾಂಡಾವೊಂದರಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿನಿ ಎದ್ದು ನಿಂತಳು. ‘ಮೇಡಂ, ಊರಿಂದ ಯಾಡಿ ಫೋನ್ ಮಾಡಿದರೆ ನಾನು ರೂಮಿನಿಂದ ಹೊರಗೆ ಹೋಗಿ, ಮೆಟ್ಟಿಲ ಹತ್ತಿರ ನಿಂತು ನಮ್ಮ ಭಾಷೆಯಲ್ಲಿ ಮಾತಾಡುತ್ತೇನೆ. ರೂಮಿನಲ್ಲಿ ಯಾರೂ ಒಂದು ದಿನವೂ ನನಗೆ ಏನೂ ಅಂದಿಲ್ಲ, ಎಲ್ಲರೂ ಒಳ್ಳೆಯವರೇ. ಹಾಗಾದರೆ ಈ ಗೆರೆಯನ್ನು ಎಳೆದವರು ನಾನೇ ಅಲ್ಲವೇ?’ ಎಂದು ಕೇಳಿದಳು.

ಯಾಡಿ ಎಂದರೆ ಅಮ್ಮ. ನಾನು ಕೂಡಲೇ ಉತ್ತರಿಸಲಿಲ್ಲ. ನಿಮ್ಮ ರೂಮಿನಲ್ಲಿ ಕನ್ನಡ ಮನೆಮಾತಿನವರು ಇದ್ದಾರಲ್ಲ, ಅವರ ಅಮ್ಮ ಫೋನ್ ಮಾಡಿದಾಗ ಅವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ‘ಎಲ್ಲಿಗೂ ಹೋಗಲ್ಲ ಮೇಡಂ. ಮಂಚದ ಮೇಲೆ ಕೂತೇ ಮಾತಾಡ್ತಾರೆ’ ಎಂದಳು.